ಬಬಲೇಶ್ವರದ ಇಂಜಿನ್ ಬೇಡವೆಂದ ಮಿಸ್ತ್ರಿ

ಮಿಸ್ತ್ರಿ ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿ ಐದು ದಿನವಾದ ಮೇಲೆ. ಹಾಲು ಹಾಕುವ ಹೆಂಗಸು ಹಾಲು ಅಳೆದು ಕೊಟ್ಟು, ಹೊರಡುವ ಮುಂದೆ ನೆನಪಾದವಳಂತೆ ಹೇಳಿದಳು. "ನಿಮ್ಮ ಪತ್ರಾಸ್ ಶೆಡ್ಡಿನ್ಯಾಗ ಇದ್ದನಲ್ರಿ, ದೆವ್ವದ ಮಿಸ್ತ್ರಿ, ತಿಕೋಟಾದಾಗ ಹೋದನಂತ್ರಿ." ನಾನು ಹಾಲಿನ ಪಾತೇಲಿ ಕಟ್ಟೆಯ ಮೇಲಿಟ್ಟು ಅಲ್ಲೇ ಕೂತೆ. ದೆವ್ವದ ಮಿಸ್ತ್ರಿ ಎಂಬ ಹೆಸರು ಆ ಮನುಷ್ಯನಿಗೆ ಅಂಟುವಂತೆ ಮಾಡಿದವಳು ನಾನು. ಬಾಯಿಂದಲ್ಲ, ಕೈಯಿಂದ. ಅದು ಯಾರಿಗೂ ಗೊತ್ತಿಲ್ಲವೆಂದು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಂಬಿಕೊಂಡು ಬದುಕಿದ್ದೆ.

ನಮ್ಮ ಮನೆ ಅಥಣಿ ರಸ್ತೆಯ ಮೇಲಿದೆ. ಎಪ್ಪತ್ತರ ದಶಕದಲ್ಲಿ, ನಾನು ಹೊನವಾಡದಿಂದ ಮದುವೆಯಾಗಿ ಬಂದಾಗ, ಆ ಕಡೆ ನಮ್ಮದು ಬಿಟ್ಟರೆ ಎರಡೋ ಮೂರೋ ಮನೆ. ಉಳಿದದ್ದೆಲ್ಲ ಬಯಲು, ಜಾಲಿ ಕಂಟಿ, ಗಾಳಿ. ಯಜಮಾನರದ್ದು ಗಾಂಧಿ ಚೌಕದಲ್ಲಿ ಕಾಳಿನ ಅಂಗಡಿ. ಅಂಗಳದ ಆಚೆ ತುದಿಗೆ ತಗಡು ಹೊದಿಸಿದ ಪತ್ರಾಸಿನ ಶೆಡ್ಡು ಒಂದಿತ್ತು. ಅದರಲ್ಲಿ ಮಿಸ್ತ್ರಿ ಇಂಜಿನ್ ಬಿಚ್ಚುತ್ತಿದ್ದರು, ಜೋಡಿಸುತ್ತಿದ್ದರು. ಅವರ ಮನೆ ಊರ ಕಡೆ, ಸ್ವಲ್ಪ ದೂರ. ನನ್ನ ಅಡಿಗೆಮನೆ ಕಿಟಕಿ ತೆರೆದರೆ ಶೆಡ್ಡಿನ ಬಾಗಿಲು ಕಾಣುತ್ತಿತ್ತು. ಹೊಸ ಸೊಸೆಗೆ ನೋಡಲು ಬೇರೇನಿರುತ್ತದೆ? ನೋಡಿದೆ.

ಒಣಕಲು ಮನುಷ್ಯ. ತಲೆಗೆ ಒಂದು ಮಾಸಿದ ಟವೆಲ್, ಎಡಗೈ ಹೆಬ್ಬೆರಳಿಗೆ ಉಗುರೇ ಇಲ್ಲ. ಚಹಾ ಬಸಿಯಲ್ಲಿ ಹುಯ್ದುಕೊಂಡು, ಊದದೆ, ಅದು ತಾನಾಗಿ ಆರುವವರೆಗೆ ಕಾಯುತ್ತಿದ್ದರು. "ಊದಿದ್ರ ಬ್ಯಾಗ ಆರತೈತಲ್ರಿ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಇಡೀ ದಿನ ಅವಸರದ ಮಂದಿ ಜೋಡಿ ಮಾತಾಡತೇನಿ ಅಕ್ಕಾರ, ಚಾ ಜೋಡಿನೂ ಯಾಕ ಅವಸರ" ಎಂದಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು.

ಅವರ ಕೆಲಸದ ರೀತಿ ನೋಡಿದರೆ ಮೊದಮೊದಲು ನನಗೆ ಮೈ ಜುಂ ಎನ್ನುತ್ತಿತ್ತು. ಒಂದು ಬೇವಿನ ಕೋಲು ಇತ್ತು, ಮೊಳದುದ್ದ, ಕೈಯಾಡಿ ಆಡಿ ಕರ್ರಗಾದದ್ದು. ಇಂಜಿನ್ ಚಾಲೂ ಮಾಡಿ ಕೋಲಿನ ಒಂದು ತುದಿಯನ್ನು ಕಬ್ಬಿಣಕ್ಕೆ ಆನಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚುತ್ತಿದ್ದರು. ಕಿವಿಯಿಂದ ಕೇಳುವುದಕ್ಕಿಂತ ಹಲ್ಲಿನಿಂದ ಕೇಳುವುದು ಖರೆ ಎನ್ನುತ್ತಿದ್ದರು. ಕೋಲು ಕಚ್ಚಿಕೊಂಡೇ ಮಧ್ಯೆ ಮಧ್ಯೆ "ಹೂಂ... ಹೂಂ" ಎನ್ನುತ್ತಿದ್ದರು, ಯಾರೋ ಹಿರಿಯರು ಹೇಳುವುದನ್ನು ಕೇಳುವವರ ಹಾಗೆ. ತಿಕೋಟಾದ ಒಬ್ಬ ರೈತ ನೀರೆತ್ತುವ ಇಂಜಿನ್ ತಂದಿದ್ದ, ಅದು ದಿನಾ ಒಂದು ತಾಸು ಓಡಿ ನಿಂತುಬಿಡುತ್ತದೆ ಎಂದು. ಮಿಸ್ತ್ರಿ ಕೋಲು ಕಚ್ಚಿ ಕೇಳಿ, ಒಂದು ಬೋಲ್ಟೂ ಬಿಚ್ಚದೆ ಹೇಳಿದರು. "ಇಂಜಿನ್ ಚಲೋ ಐತಿ. ಬಾವಿ ನೋಡ್ಕೋ ಹೋಗು." ಮರುದಿನ ಬಾವಿಗಿಳಿದು ನೋಡಿದರೆ, ಕಾಣೆಯಾಗಿದ್ದ ಕರು ಪೈಪಿನ ಬಾಯಿಗೆ ಸಿಕ್ಕು ಸತ್ತಿತ್ತಂತೆ. ರೈತ ಬಂದು ಕಾಲಿಗೆ ಬಿದ್ದ. ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. "ಉಸಿರು ಕಟ್ಟಿದವರು ಹ್ಯಾಂಗ ಉಸುರಾಡತಾರ ಅಕ್ಕಾರ, ಹಂಗ ಉಸುರಾಡಾಕತ್ತಿತ್ತು" ಎಂದರು. ಅಷ್ಟೇ.

ಅವರಿಗೆ ಒಂದು ಕಟ್ಟುನಿಟ್ಟು ಇತ್ತು. ಮನುಷ್ಯ ಸತ್ತ ಗಾಡಿಯ ಇಂಜಿನ್ ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದರೆ ಉಗುರಿಲ್ಲದ ಹೆಬ್ಬೆರಳು ಒರೆಸಿಕೊಳ್ಳುತ್ತ, "ಕಬ್ಬಿಣಕ್ಕ ಕಿವಿ ಇಲ್ಲ, ಬಾಯಿ ಇಲ್ಲ, ನೆನಪೈತಿ" ಎನ್ನುತ್ತಿದ್ದರು. ಇನ್ನೊಂದು ಪರೀಕ್ಷೆ. ಹೊಸದಾಗಿ ಕಟ್ಟಬೇಕಾದ ಇಂಜಿನ್ ಬಂದರೆ, ಅದು ಬಂದಾಗ ಹೇಗೆ ನಿಂತಿತ್ತೋ ಅಲ್ಲೇ ಅದರ ದೊಡ್ಡ ಗಾಲಿಯ ಮೇಲೊಂದು, ಎದುರಿನ ಮೈಮೇಲೊಂದು, ಗೆರೆಗೆ ಗೆರೆ ಕೂಡುವ ಹಾಗೆ ಉಳಿಯಿಂದ ಕೊರೆದು ಸುಣ್ಣ ತುಂಬುತ್ತಿದ್ದರು. ದಿನಾ ಸಂಜೆ ಗಾಲಿಯನ್ನು ಒಂದು ಗೇಣು ತಿರುಗಿಸಿ ಬಿಟ್ಟು ಹೋಗುವುದು. ಬೆಳಿಗ್ಗೆ ಬಂದಾಗ ಅದು ಬಿಟ್ಟಲ್ಲೇ ಇರಬೇಕು. ಹಳೆಯ ಗೆರೆಗೇ ಮರಳಿತೆಂದರೆ ಇಂಜಿನ್ ಬೇಡ. "ಎಲ್ಲೋ ಒಂದ ಕಡೆ ಭಾರ ಐತಿ ಅಂತ ಅರ್ಥ. ಇಟ್ಟಲ್ಲಿ ಇರದ್ದನ್ನ ನಂಬಬಾರದ್ರಿ, ಇಂಜಿನ್ ಆಗಲಿ ಮನಿಶ್ಯಾ ಆಗಲಿ." ಎಂಟು ದಿನ ಈ ಪರೀಕ್ಷೆ. ಗಿರಾಕಿಗಳು ಬೈಯುತ್ತಿದ್ದರು, ಆದರೂ ಬರುತ್ತಿದ್ದರು.

ಇಂಥವರ ಮುಂದೆ ನಮ್ಮ ಯಜಮಾನರು ಒಂದು ಕಾರು ತಂದು ನಿಲ್ಲಿಸಿದರು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಹೊದಿಕೆ ಇಲ್ಲ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಸೋಲಾಪುರದ ಒಬ್ಬ ಶ್ರೀಮಂತರ ಮಗ ವಿಲಾಯತ್ತಿನಿಂದ ತರಿಸಿ, ಮೆರೆದು, ಅದರ ಇಂಜಿನ್ನಿನ ಹೊಟ್ಟೆ ಒಡೆದು ಬಿಟ್ಟಿದ್ದ. ಹೊಟ್ಟೆ ಒಡೆಯಲು ಕಾರಣ ಅವನು ತಾನೇ ಕೂಡಿಸಿದ್ದ ಟರ್ಬೊ. ಬಸವನಹುಳದ ಚಿಪ್ಪಿನ ಹಾಗಿನ ಕಬ್ಬಿಣದ ಡಬ್ಬಿ, ಒಳಗೆ ಎರಡು ಪುಟ್ಟ ಪಂಖ. ಇಂಜಿನ್ ಬಿಡುವ ಹೊಗೆ ಒಂದು ಪಂಖ ತಿರುಗಿಸುತ್ತದೆ, ಇನ್ನೊಂದು ಗಾಳಿಯನ್ನು ಇಂಜಿನ್ನಿನೊಳಗೆ ಒತ್ತಿ ತುಂಬುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಅದಕ್ಕೆ ಶಂಖ ಎನ್ನುತ್ತಿದ್ದೆವು. ಅದನ್ನು ಬಿಚ್ಚಿ ಶೆಡ್ಡಿನ ಕಿಟಕಿಯಲ್ಲಿಟ್ಟಿದ್ದರು. ಸಂಜೆ ಬಯಲ ಗಾಳಿ ಬೀಸಿದರೆ ಯಾರೂ ಮುಟ್ಟದೆ ಅದು ಸಣ್ಣಗೆ ಕೊರಗುತ್ತಿತ್ತು. ನಮ್ಮ ಅತ್ತೆ ಒಂದು ಸಂಜೆ ಹೋಗಿ ಅದಕ್ಕೆ ವಿಭೂತಿ ಹಚ್ಚಿ ಬಂದರು.

ಮಿಸ್ತ್ರಿ ಆ ಶಂಖವನ್ನು ಕೈಯಲ್ಲಿ ಹಿಡಿದು ಪಂಖಕ್ಕೆ ಮೆಲ್ಲಗೆ ಊದಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಚಹಾಕ್ಕೂ ಊದದ ಮನುಷ್ಯ. "ಇಷ್ಟ ವರ್ಷ ನೀರೆತ್ತೂ ಇಂಜಿನ್ ಮಾಡಿದೆ, ಹಿಟ್ಟಿನ ಗಿರಣಿ ಇಂಜಿನ್ ಮಾಡಿದೆ. ನಿಂತಲ್ಲೇ ನಿಂತು ದುಡಿಯೂವ ಎಲ್ಲಾ. ಹಾರಿ ಓಡೂ ಇಂಜಿನ್ ಒಂದರೆ ನನ್ನ ಕೈಲೆ ಆಗಬೇಕ್ರಿ ಅಕ್ಕಾರ. ಆಮ್ಯಾಲ ಈ ಕೋಲು ಒಲಿಗೆ ಹಾಕ್ರಿ ಬೇಕಾದ್ರ" ಎಂದರು. ಅಷ್ಟು ಆಸೆ ಅವರ ಮುಖದಲ್ಲಿ ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಯಾವ ಇಂಜಿನ್ ಕಟ್ಟುವುದು ಎಂದು ಹದಿನೈದು ದಿನ ಮಾತು ನಡೆಯಿತು. ಮೊದಲನೆಯದು ಕಾರಿನದೇ ಇಂಜಿನ್, ಮುಷ್ಟಿ ಹೋಗುವಷ್ಟು ತೂತು ಬಿದ್ದದ್ದು.

"ಬೆಸಿಗಿ ಹಾಕಬಹುದ್ರಿ ಗೌಡ್ರ" ಎಂದರು ಮಿಸ್ತ್ರಿ. "ಆದ್ರ ಶಂಖ ಊದಿತಂದ್ರ ಒಬ್ಬರಿಗೆ ಇಬ್ಬರ ಊಟ ಉಣಿಸಿಧಂಗ. ಬೆಸಿಗಿ ಬಾಯಿ ಬಿಡತೈತಿ."

"ಮತ್ತ ಟ್ಯಾಕ್ಸಿ ಇಂಜಿನ್? ಊರ ತುಂಬ ಸಿಗತಾವ."

"ಅದು ಎತ್ತಿನ ಗುಣದ್ದು. ಹೊಡದ್ರೂ ಅಷ್ಟ, ಬಿಟ್ರೂ ಅಷ್ಟ. ಸುಮ್ಮ ಓಡಸೂದಾದ್ರ ಹಾಕೂಣು, ಶಂಖ ಬಿಚ್ಚಿ ಇಟ್ಟು."

"ಶಂಖ ಬಿಚ್ಚಿದ ಮ್ಯಾಲ ಈ ಕಾರು ಯಾಕ ಬೇಕು?" ಎಂದರು ಯಜಮಾನರು.

ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಬಾಯಿ ಹಾಕಿದರು. "ನಮ್ಮ ಬಾವಿ ಇಂಜಿನ್ನ ಹಾಕ್ರೆಪಾ. ಎಲ್ಲಿ ಕೆಟ್ಟು ನಿಲ್ಲತೈತಿ ಅಲ್ಲಿ ನೀರರೆ ಎತ್ತೀತು."

ಮಿಸ್ತ್ರಿ ನಕ್ಕರು, ಯಜಮಾನರು ನಗಲಿಲ್ಲ. ಅದೇ ವಾರ ಅವರು ಒಂದು ಬಂಡಿಯಲ್ಲಿ ಮೂರನೆಯ ಇಂಜಿನ್ ತಂದು ಇಳಿಸಿದರು. ಅದೇ ಜಾತಿಯ ಕಾರಿನದು, ಒಂದು ಬಿರುಕಿಲ್ಲ, ಒಂದು ಗೀರಿಲ್ಲ. ಸೋಲಾಪುರದ ಗುಜರಿಯಲ್ಲಿ ಸಿಕ್ಕಿತು ಎಂದರು. ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದೇ ತಂದಿದ್ದರು.

ಆದರೆ ಸಂಜೆ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಅದು ಸೋಲಾಪುರದ್ದಲ್ಲ, ಬಬಲೇಶ್ವರದ್ದು. ಅಲ್ಲಿಯ ಒಂದು ದೊಡ್ಡ ಮನೆತನದ ಹುಡುಗ ಏಳು ವರ್ಷದ ಹಿಂದೆ, ತಿಕೋಟಾ ದಾಟಿದ ಮೇಲೆ ರಸ್ತೆಯ ಹುಣಸೆ ಮರಕ್ಕೆ ಕಾರು ಹೊಡೆದು ಸತ್ತಿದ್ದ. ಮದುವೆಯಾಗಿ ಹನ್ನೊಂದು ದಿನ. ಕಾರು ಗುಜರಿಗೆ ಹೋಯಿತು, ಇಂಜಿನ್ ದನದ ಮನೆಯಲ್ಲಿ ಬಿದ್ದಿತ್ತು. ನಾನು ಆಗ ಐದು ತಿಂಗಳ ಬಸುರಿ. ಯಜಮಾನರ ಮುಂದೆ ನಿಂತು, "ಮಿಸ್ತ್ರಿಗೆ ಖರೆ ಹೇಳ್ರಿ" ಎಂದೆ.

"ಹೇಳಿದ್ರ ಅವಾ ಮುಟ್ಟೂದಿಲ್ಲ" ಎಂದರು. "ನೀ ಬಾಯಿ ಬಿಟ್ಟಿ ಅಂದ್ರ ನನ್ನ ಆಣಿ ಐತಿ ನೋಡು."

ಈಗಿನವರಿಗೆ ಇದು ನಗೆಯೆನಿಸಬಹುದು. ಗಂಡ ಆಣೆ ಇಟ್ಟ ಮೇಲೆ ಹೆಂಡತಿ ಮುರಿದರೆ ಕೇಡು ಗಂಡನಿಗೇ ಎಂದು ನಮ್ಮನ್ನು ನಂಬಿಸಿ ಬೆಳೆಸಿದ್ದರು. ಹೇಳಿದರೂ ಗಂಡನಿಗೆ ಕೇಡು, ಹೇಳದಿದ್ದರೂ ಕೇಡು. ಆ ಕಾರು ಅಥಣಿ ರಸ್ತೆಯಲ್ಲಿ ತಿಕೋಟಾದ ಕಡೆ, ಆ ಹುಣಸೆ ಮರದ ಕಡೆ ಹಾರಿ ಹೋಗುವುದನ್ನು ನಾನು ರೊಟ್ಟಿ ಬಡಿಯುತ್ತ ಕಣ್ಣ ಮುಂದೆ ಕಾಣುತ್ತಿದ್ದೆ. ಬಾಯಿಗೆ ಆಣೆ ಇತ್ತು. ಕೈಗೆ ಇರಲಿಲ್ಲ.

ಮಿಸ್ತ್ರಿ ತಮ್ಮ ಪದ್ಧತಿಯಂತೆ ಉಳಿ ಹಿಡಿದು ಗೆರೆ ಕೊರೆದರು, ಸುಣ್ಣ ತುಂಬಿದರು, ಸಂಜೆ ಗಾಲಿಯನ್ನು ಒಂದು ಗೇಣು ತಿರುಗಿಸಿ ಮನೆಗೆ ಹೋದರು. ಮರುದಿನ ಮುಂಜಾನೆ ನಾನು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ, ಹಾಗೇ ಶೆಡ್ಡಿಗೆ ಹೋದೆ. ಬಾಗಿಲಿಗೆ ಚಿಲಕ ಮಾತ್ರ. ಗಾಲಿಗೆ ಕೈ ಹಚ್ಚಿದೆ. ಬೀಸುಕಲ್ಲಿನಷ್ಟಾದರೂ ಭಾರವಿದ್ದೀತು ಎಂದುಕೊಂಡಿದ್ದೆ. ಇರಲಿಲ್ಲ. ನಾನು ದೂಡಿದೆನೋ ಇಲ್ಲವೋ, ಅದು ಹೊರಳಿ ಹಳೆಯ ಗೆರೆಗೆ ಬಂದು ನಿಂತಿತು. ಕೈ ಹಿಂದೆ ತೆಗೆದುಕೊಂಡು ಓಡಿಬಂದೆ.

ಮಿಸ್ತ್ರಿ ಬಂದು ನೋಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು, ಬೇರೇನೂ ಮಾಡಲಿಲ್ಲ. ಎರಡನೇ ಮುಂಜಾನೆ, ಮೂರನೇ ಮುಂಜಾನೆ, ಅದನ್ನೇ ಮಾಡಿದೆ. ನಾಲ್ಕನೇ ದಿನ ಹೊನವಾಡದಲ್ಲಿ ನನ್ನ ತಮ್ಮನ ಮದುವೆ. ಮನೆಗೆ ಕೀಲಿ ಜಡಿದು ಎಲ್ಲರೂ ಹೊರಟೆವು. ನಾಲ್ಕು ದಿನ ಅರಿಷಿಣ, ಹಾಡು, ಹೋಳಿಗೆ, ನನಗೆ ಯಾವುದೂ ರುಚಿಸಲಿಲ್ಲ. ನಾನಿಲ್ಲದ ನಾಲ್ಕು ದಿನ ಇಂಜಿನ್ ಬಿಟ್ಟಲ್ಲೇ ಇರುತ್ತದೆ, ಮಿಸ್ತ್ರಿ ಅದನ್ನು ಪಾಸು ಮಾಡಿಬಿಡುತ್ತಾರೆ ಎಂಬ ಒಂದೇ ಹೆದರಿಕೆ. ನಮ್ಮವ್ವ "ಏನ ಬೇ, ಮಾರಿ ಹಿಂಗ್ಯಾಕ ಮಾಡಿ" ಎಂದು ಹತ್ತು ಸಲ ಕೇಳಿದಳು.

ನಾವು ಮರಳಿ ಬಂದಾಗ ಮಿಸ್ತ್ರಿ ಅಂಗಳದಲ್ಲೇ ನಿಂತಿದ್ದರು. ಗಾಂಧಿ ಚೌಕದ ನಾಲ್ವರು ಲಾರಿ ಡ್ರೈವರುಗಳೂ ಯಜಮಾನರಿಗಾಗಿ ಕಾಯುತ್ತ ಅಲ್ಲಿದ್ದರು.

"ಗೌಡ್ರ, ಈ ಇಂಜಿನ್ ನನ್ನ ಕೈಲೆ ಆಗೂದಿಲ್ಲ. ಇಟ್ಟಲ್ಲಿ ಇರವಲ್ದು."

"ಒಂದ ಕಡೆ ಭಾರ ಇದ್ರ ಬಿಚ್ಚಿ ಸರಿ ಮಾಡು."

"ಭಾರ ಇಲ್ರಿ. ಎಲ್ಲಾ ಬಿಚ್ಚಿ ತೂಗಿ ನೋಡೇನಿ."

"ಮತ್ತ ದೆವ್ವ ತಿರುಗಸಾಕತ್ತೈತೇನು? ದೆವ್ವಕ್ಕ ಹೆದರೀ ಏನೋ ಮಿಸ್ತ್ರಿ?"

ಯಜಮಾನರು ಚೇಷ್ಟೆಗೇ ಹಾಗೆಂದರು, ಡ್ರೈವರುಗಳು ನಕ್ಕರು. ಮಿಸ್ತ್ರಿ ಒಂದು ಸಲ ನನ್ನ ಕಡೆ ನೋಡಿದರು. ಬಂಡಿಯಿಂದ ಇಳಿದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

"ಹೂನ್ರಿ" ಎಂದರು. "ಹೆದರೇನಿ."

ಸಂಜೆಯೊಳಗೆ ಊರೆಲ್ಲ ಹಬ್ಬಿತು. ಇಂಜಿನ್ನಿಗೆ ಹೆದರಿದ ಮಿಸ್ತ್ರಿ, ದೆವ್ವದ ಮಿಸ್ತ್ರಿ. ಯಜಮಾನರು ಸಿಟ್ಟಿನಲ್ಲಿ ಶೆಡ್ಡು ಖಾಲಿ ಮಾಡಿಸಿದರು. ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾಗಿ, ಮಿಸ್ತ್ರಿ ಹೆಂಡತಿಯನ್ನು ಕರೆದುಕೊಂಡು ತಿಕೋಟಾಕ್ಕೆ ಹೋದರು. ಹೋಗುವ ದಿನ ನನ್ನ ಕಪ್ಪು-ಬಸಿ ತೊಳೆದು ತಂದು ಕಟ್ಟೆಯ ಮೇಲಿಟ್ಟು, "ಅಕ್ಕಾರ, ಇನ್ನ ಶೆಡ್ಡಿನ ಕಡೆ ಕಸಾ ಹೊಡಿಯಾಕ ಹೋಗಬ್ಯಾಡ್ರಿ" ಎಂದರು. ಬಸುರಿ ಹೆಂಗಸಿನ ಮೇಲಿನ ಕಾಳಜಿ ಎಂದು ತಿಳಿದೆ. ಕಣ್ಣೆತ್ತಿ ನೋಡುವ ಧೈರ್ಯ ನನಗಿರಲಿಲ್ಲ.

ಕಾರಿಗೆ ಬೇರೊಬ್ಬ ಮಿಸ್ತ್ರಿಯಿಂದ ಟ್ಯಾಕ್ಸಿಯ ಇಂಜಿನ್ ಹಾಕಿಸಿದರು. ಅದು ಎತ್ತಿನ ಗುಣದ್ದೇ ಆಯಿತು. ಎರಡು ಸಲ ಹೊನವಾಡಕ್ಕೆ ಹೋಗಿ ಬಂದು, ಬೇಸರಾಗಿ, ಮಾರಿದರು. ಬಬಲೇಶ್ವರದ ಇಂಜಿನ್ ಶೆಡ್ಡಿನ ಮೂಲೆಯಲ್ಲೇ ಉಳಿಯಿತು. ಅದರ ಮೇಲೆ ಗೋಣಿಚೀಲ, ಚೀಲದ ಮೇಲೆ ಮನೆಯ ಹಳೆಯ ಸಾಮಾನು. ನನಗೆ ಮಗಳು ಹುಟ್ಟಿದಳು. ಯಜಮಾನರು ಮುದುಕರಾಗಿ, ಮನೆಯಲ್ಲೇ, ಹಾಸಿಗೆಯ ಮೇಲೆ ತೀರಿದರು. ನನಗೆ ಬೇಕಾಗಿದ್ದು ಸಿಕ್ಕಿತು. ಅದರ ಬೆಲೆ ಬೇರೊಬ್ಬರು ಕೊಟ್ಟರು.

ಒಮ್ಮೆ ಹೊನವಾಡದ ಬಸ್ಸು ತಿಕೋಟಾದಲ್ಲಿ ನಿಂತಾಗ ಅವರನ್ನು ನೋಡಿದೆ. ಹಾರಿ ಓಡುವ ಇಂಜಿನ್ ಕಟ್ಟಬೇಕೆಂದವರು ಬೇವಿನ ಗಿಡದ ಬುಡದಲ್ಲಿ ಕೂತು ಸೀಮೆಎಣ್ಣೆ ಸ್ಟೋವಿನ ಬತ್ತಿ ಹಾಕುತ್ತಿದ್ದರು. ನನ್ನನ್ನು ಗುರುತಿಸಿ ಕೈ ಎತ್ತಿದರು. ನಾನು ಮುಖ ಆಚೆ ತಿರುಗಿಸಿದೆ. ಆ ದಿನದ ನಾಚಿಕೆ ನನಗೆ ಇನ್ನೂ ಆರಿಲ್ಲ.

ಹಾಲಿನವಳು ಹೇಳಿದ ಮರುದಿನವೇ ತಿಕೋಟಾಕ್ಕೆ ಹೋದೆ. ಮಿಸ್ತ್ರಿಯ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಹಣ್ಣು ಮುದುಕಿ, ಕಣ್ಣು ಮಂಜು. ಬೇವಿನ ಕೋಲು ಗೂಡಿನಲ್ಲಿತ್ತು. ಮಾತು ಶುರು ಮಾಡಲು ಬರಲಿಲ್ಲ, ಅವರ ಕಾಲು ಹಿಡಿದುಬಿಟ್ಟೆ. "ಯವ್ವಾ, ಆ ಗಾಲಿ ತಿರುವಿದಾಕಿ ನಾನು. ನನ್ನ ಸಲುವಾಗಿ ಅವರ ಹೆಸರ ಕೆಟ್ಟಿತು" ಎಂದೆ.

ಮುದುಕಿ ನನ್ನ ತಲೆ ಸವರಿದರು. "ಅವರಿಗೆ ಗೊತ್ತಿತ್ತಲ್ಲ ತಂಗಿ."

"ಏನು ಗೊತ್ತಿತ್ರಿ?"

"ಮೊದಲನೇ ದಿನಾನ ಮನಿಗೆ ಬಂದು ನಕ್ರು. ಕರೇ ಕಬ್ಬಿಣದ ಮ್ಯಾಲ ರಂಗೋಲಿ ಹಿಟ್ಟಿನ ಬೆರಳ ಐದೂ ಮೂಡ್ಯಾವ ಅಂದ್ರು. ಅಕ್ಕಾರಿಗೆ ಹೆದರಿಕಿ ಐತಿ, ಲಗ್ನಾ ಮುಗಿಸಿ ಬರಲಿ, ಕುಂಡ್ರಿಸಿ ತಿಳಿಸಿ ಹೇಳತೇನಿ, ಇಂಜಿನ್ ಅಂತೂ ಕಟ್ಟೂದ ಅಂದ್ರು. ಭಾಳ ಹುರುಪಿನ್ಯಾಗ ಇದ್ರು."

"ಮತ್ತ್ಯಾಕ ಕಟ್ಟಲಿಲ್ಲ?"

ಮುದುಕಿ ಸೆರಗಿನ ತುದಿ ಬೆರಳಲ್ಲಿ ಹಿಡಿದರು. "ನೀವು ಹೊನವಾಡಕ್ಕ ಹೋದ್ರಲ್ಲ, ಅವತ್ತ ಶೆಡ್ಡಿಗೆ ತಾವ ಕೀಲಿ ಹಾಕಿ ಬಂದ್ರು. ಕೀಲಿಕೈ ನನ್ನ ಸೆರಗಿನ ತುದಿಗಿತ್ತು. ಮುಂಜಾನೆ ಹೋಗಿ ನೋಡಿದ್ರ ಗೆರಿಗೆ ಗೆರಿ ಕೂಡಿತ್ತು. ಬೆರಳ ಮೂಡಿದ್ದಿಲ್ಲ. ಮರುದಿನಾನೂ ಹಂಗ. ಅವತ್ತ ಸಂಜಿಕ ನೆಲಕ್ಕೆಲ್ಲಾ ಬೂದಿ ಹಾಸಿ ಬಂದ್ರು. ಬೂದಿ ಹಾಸಿದ್ದು ಹಾಸಿಧಂಗ ಇತ್ತು ತಂಗಿ. ಗಾಲಿ ಮಾತ್ರ ಗೆರಿಗೆ ಬಂದು ನಿಂತಿತ್ತು. ಆಗ ಇಂಜಿನ್ ತಂದ ಬಂಡಿಯವನ್ನ ಕೇಳಿಕೊಂಡು ಬಬಲೇಶ್ವರಕ್ಕ ಹೋಗಿ ವಿಚಾರ ಮಾಡಿ ಬಂದ್ರು, ಯಾರದು ಅಂತ."

"ನನಗ್ಯಾಕ ಹೇಳಲಿಲ್ಲ?"

"ನಾ ಅದನ್ನ ಕೇಳಿದೆ. ಊರ ಮಂದಿ ನಗಾಕತ್ತಾರ, ಆಕಿ ತಿರುವ್ಯಾಳಂತ ಹೇಳರಿ ಅಂದೆ. ಬ್ಯಾಡ ಅಂದ್ರು. ಅದ ಅಂಗಳದಾಗ ಬಾಳೇ ಮಾಡೂ ಹೆಣಮಗಳು, ಹೊಟ್ಟ್ಯಾಗ ಕೂಸು. ತಾ ತಿರುವಿದ್ದಕ್ಕ ಇಂಜಿನ್ ಬ್ಯಾಡಾತು ಅಂತ ತಿಳಕೊಂಡಿರಲಿ. ಅಂದ್ರ ನಿದ್ದಿ ಬರತೈತಿ ಆಕಿಗೆ ಅಂದ್ರು."

ನನಗೆ ಅಳು ಬಂತು. ನನ್ನ ತಪ್ಪಿನ ಮುಸುಕಿನೊಳಗೆ ನನ್ನನ್ನು ಬೆಚ್ಚಗೆ ಮಲಗಿಸಿ, ಆ ಮನುಷ್ಯ ಹೆಸರು ಕೆಡಿಸಿಕೊಂಡು ಸ್ಟೋವು ರಿಪೇರಿ ಮಾಡುತ್ತ ಮುದುಕರಾದರು. ಬಸ್ಸಿನ ಕಿಟಕಿಯಲ್ಲಿ ಕಂಡ ನನಗೆ ಕೈ ಎತ್ತಿ ನಮಸ್ಕಾರವನ್ನೂ ಮಾಡಿದರು.

ಮನೆಗೆ ಬಂದವಳು ನೇರ ಶೆಡ್ಡಿಗೆ ಹೋದೆ, ಇನ್ನೂ ಬಿಸಿಲಿತ್ತು. ಹಳೆಯ ಸಾಮಾನು ಸರಿಸಿ ಗೋಣಿಚೀಲ ಎಳೆದೆ. ಚೀಲ ಕೈಯಲ್ಲೇ ಪುಡಿಯಾಯಿತು. ಕಬ್ಬಿಣವೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು, ಸುಣ್ಣ ಉದುರಿ ಉಳಿಯ ಗೆರೆ ಮಾತ್ರ ಕಾಣುತ್ತಿತ್ತು. ಗೆರೆಗೆ ಗೆರೆ ಕೂಡಿತ್ತು. ಇಷ್ಟು ವರ್ಷ ಬಿದ್ದ ಇಂಜಿನ್ ಕಲ್ಲಾಗಿರುತ್ತದೆ, ನಾಲ್ಕು ಗಂಡಸರು ಬಂದರೂ ಅಲುಗುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಗಾಲಿಯ ಮೇಲೆ ಒಂದು ಕೈ ಇಟ್ಟೆ. ತಿರುಗಿತು. ಒಂದು ಗೇಣು ತಿರುಗಿ ನಿಂತಿತು.

ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಇವತ್ತು ಮುಂಜಾನೆ ಎದ್ದು ಎಂದಿನಂತೆ ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಗುಡಿಸುತ್ತ ಶೆಡ್ಡಿನ ಬಾಗಿಲ ತನಕ ಹೋದಾಗ ಊರು ಬಿಡುವ ದಿನ ಮಿಸ್ತ್ರಿ ಹೇಳಿಹೋದ ಮಾತು ನೆನಪಾಯಿತು. ಕೀಲಿ ತೆಗೆಯದೆ ತಿರುಗಿ ಬಂದೆ.